ನಮ್ಮ ಮೈಮೇಲೆ ನಡೆದ ಪರೀಕ್ಷೆಯ ಫಲಿತಾಂಶ ನಮಗೂ ಹೇಳಿ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ, ಹಾಗೂ ಹಾಸನ ಮತ್ತು ಚಿಕ್ಕಮಗಳೂರಿನ ಮೆಡಿಕಲ್ ಕಾಲೇಜುಗಳ ಎಥಿಕ್ಸ್ ಕಮಿಟಿ ಸದಸ್ಯರಿಗೆ,

ನಮಸ್ಕಾರ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಬರೆಯುವುದು, ಬಟವಾಡೆ ಲೆಕ್ಕ ನೋಡುವುದು, ಪಿಎಫ್ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ತೋಟದ ಕೆಲಸದವರು ಇರುವ ಲೈನ್ ಮನೆಗಳಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಅವರ ಜೊತೆ ಆಸ್ಪತ್ರೆಗೆ ಹೋಗುವವನೂ ಹೆಚ್ಚಾಗಿ ನಾನೇ. ಕಾಗದ ಪತ್ರ ಓದಲು ಒಬ್ಬರು ಬೇಕಲ್ಲ, ಅದಕ್ಕೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ರೋಗಿಗಳನ್ನು ಸೇರಿಸಿಕೊಂಡು ಟ್ರಯಲ್ ನಡೆಯುತ್ತವೆ, ಸ್ಟಡಿ ನಡೆಯುತ್ತವೆ. ಅದು ಮುಗಿದ ಮೇಲೆ ಏನು ಗೊತ್ತಾಯಿತು ಅನ್ನುವುದನ್ನು ಸೇರಿಕೊಂಡವರಿಗೆ ಕನ್ನಡದಲ್ಲಿ ಒಂದು ಪುಟ ಬರೆದು ಕಳಿಸಿ. ಸೇರುವ ಮುಂಚೆ ಕೊಡುವ ಕಾಗದವನ್ನೂ ನಮ್ಮ ಜನಕ್ಕೆ ಅರ್ಥವಾಗುವ ಹಾಗೆ ಬರೆಸಿ.

ಇದನ್ನು ನಿಮ್ಮ ಕಚೇರಿಗೆ ಮಾತ್ರ ಕಳಿಸಿದ್ದರೆ ಆಗುತ್ತಿತ್ತು. ಆದರೆ ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಲ್ಲುವವರೂ ಇದನ್ನು ಓದಬೇಕು. ಟ್ರಯಲ್ ಅಂದ ತಕ್ಷಣ ನಮ್ಮ ಕಡೆ ಕೇಳಿಬರುವ ಮಾತು ಒಂದೇ: "ನಮ್ಮನ್ನ ಇಲಿ ಮಾಡ್ತಾರೆ." ಆ ಮಾತು ಸರಿಯಲ್ಲ ಅಂತ ನಾನು ನಂಬಿದ್ದೇನೆ. ಆದ್ದರಿಂದ ಮೊದಲು ನನಗೆ ತಿಳಿದಷ್ಟನ್ನು ನಮ್ಮವರಿಗೆ ಹೇಳುತ್ತೇನೆ. ನಿಮಗೆ ಗೊತ್ತಿರುವ ವಿಷಯವೇ. ಆದರೂ ದಯವಿಟ್ಟು ಓದಿ. ನಮ್ಮವರಿಗೆ ಹೇಳಬೇಕಾದರೆ ಹೇಗೆ ಹೇಳಬೇಕು ಅನ್ನುವುದಾದರೂ ಅದರಲ್ಲಿ ಕಾಣುತ್ತದೆ.

ಒಂದು ಕಾಯಿಲೆಗೆ ಎರಡು ಚಿಕಿತ್ಸೆ ಇವೆ. ಯಾವುದು ವಾಸಿ ಅಂತ ಡಾಕ್ಟರಿಗೇ ಖಚಿತವಾಗಿ ಗೊತ್ತಿಲ್ಲ. ಗೊತ್ತಿದ್ದೂ ಒಬ್ಬರಿಗೆ ಕೆಟ್ಟದ್ದನ್ನು ಕೊಟ್ಟರೆ ಅದು ಅನ್ಯಾಯ, ಅದಕ್ಕೆ ಯಾವ ಎಥಿಕ್ಸ್ ಕಮಿಟಿಯೂ, ಅಂದರೆ ಸಂಶೋಧನೆಯಲ್ಲಿ ರೋಗಿಗೆ ಅನ್ಯಾಯವಾಗದಂತೆ ನೋಡುವ ಕಮಿಟಿಯೂ, ಒಪ್ಪಬಾರದು. ನಿಜವಾಗಿ ಗೊತ್ತಿಲ್ಲದಿದ್ದಾಗ ಮಾತ್ರ ಟ್ರಯಲ್ ಮಾಡುತ್ತಾರೆ. ಒಪ್ಪಿದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ಚಿಕಿತ್ಸೆ, ಇನ್ನೊಂದಕ್ಕೆ ಇನ್ನೊಂದು ಕೊಟ್ಟು ನೋಡುತ್ತಾರೆ.

ಯಾರು ಯಾವ ಗುಂಪಿಗೆ ಅನ್ನುವುದನ್ನು ಡಾಕ್ಟರು ಆರಿಸುವ ಹಾಗಿಲ್ಲ. ಕಂಪ್ಯೂಟರ್ ಚೀಟಿ ಎತ್ತುತ್ತದೆ. ಇದನ್ನು ಕೇಳಿದರೆ ನಮ್ಮವರಿಗೆ ಗಾಬರಿ. "ನನ್ನ ಜೀವ ಚೀಟಿ ಮೇಲೆ ಬಿಡ್ತೀರಾ?" ಅಂತ ಕೇಳುತ್ತಾರೆ. ಕಾಫಿ ಬೆಳೆಯುವವರಿಗೆ ಇದನ್ನು ತೋಟದಲ್ಲೇ ನಿಂತು ತೋರಿಸಬಹುದು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ತಳಿ ಹೋಲಿಸಿ ನೋಡುವುದು ನಮಗೆ ಹೊಸದಲ್ಲ. ಹೊಸ ತಳಿಯನ್ನು ಒಳ್ಳೆಯ ನೆರಳು, ಒಳ್ಳೆಯ ಮಣ್ಣು ಇರುವ ಕಡೆ ನೆಟ್ಟು, ಹಳೆ ತಳಿಯನ್ನು ಬಿಸಿಲು ಹೊಡೆಯುವ ಇಳಿಜಾರಿನಲ್ಲಿ ನೆಟ್ಟರೆ ಯಾವ ತಳಿ ಮೇಲು ಅಂತ ಹೇಳಲಾಗುತ್ತಾ? ಆಗಲ್ಲ. ಇಳುವರಿ ಜಾಸ್ತಿ ಬಂದರೆ ಅದು ತಳಿಯ ಗುಣವೋ, ಜಾಗದ ಗುಣವೋ ತಿಳಿಯುವುದಿಲ್ಲ. ರೋಗಿಗಳಲ್ಲೂ ಹಾಗೆಯೇ. ಡಾಕ್ಟರು ತಾವೇ ಆರಿಸಿದರೆ, ಸ್ವಲ್ಪ ಗಟ್ಟಿ ಇರುವವರಿಗೆ ಹೊಸ ಔಷಧಿ, ತೀರಾ ಬಳಲಿದವರಿಗೆ ಹಳೆಯದು ಅಂತ ಗೊತ್ತಿಲ್ಲದೆಯೇ ಆಗಿಬಿಡಬಹುದು. ಚೀಟಿ ಎತ್ತಿದರೆ ಎರಡೂ ಗುಂಪಿನಲ್ಲಿ ಎಲ್ಲ ಥರದವರೂ ಹೆಚ್ಚುಕಡಿಮೆ ಸಮನಾಗಿ ಸೇರುತ್ತಾರೆ. ಆಮೇಲೆ ಕಂಡ ವ್ಯತ್ಯಾಸ ಚಿಕಿತ್ಸೆಯದ್ದೇ ಅಂತ ಧೈರ್ಯವಾಗಿ ಹೇಳಬಹುದು.

ಇನ್ನು ವಿಶ್ವವಿದ್ಯಾಲಯ ಯಾಕೆ ಟ್ರಯಲ್ ಮಾಡಬೇಕು? ಔಷಧ ಕಂಪನಿಗಳು ಮಾಡುತ್ತವಲ್ಲ?

ಕಂಪನಿಗಳು ತಮ್ಮ ಹೊಸ ಔಷಧಿಯ ಟ್ರಯಲ್ ಮಾಡುತ್ತವೆ. ಮಾರುಕಟ್ಟೆಗೆ ಬಿಡಬೇಕಾದರೆ ಅದು ಬೇಕೇ ಬೇಕು. ಆದರೆ ಅಂಗಡಿಯಲ್ಲಿ ಎರಡು ಮೂರು ರೂಪಾಯಿಗೆ ಸಿಗುವ ಹಳೆ ಮಾತ್ರೆ ಇನ್ನೊಂದು ಕಾಯಿಲೆಗೂ ಆಗುತ್ತದಾ ಅಂತ ಯಾವ ಕಂಪನಿ ಕೋಟಿಗಟ್ಟಲೆ ಸುರಿದು ನೋಡುತ್ತದೆ? ಮೂರು ಹೊತ್ತಿನ ಮಾತ್ರೆ ಎರಡು ಹೊತ್ತಿಗೆ ಸಾಕಾ, ಆಪರೇಷನ್ ಇಲ್ಲದೆ ವಾಸಿಯಾಗುತ್ತಾ, ಆಸ್ಪತ್ರೆಯಲ್ಲಿ ಇರಬೇಕಾ ಅಥವಾ ಮನೆಯಲ್ಲೇ ಆಗುತ್ತಾ? ಬಡವರಿಗೆ ಬೇಕಾದ ಪ್ರಶ್ನೆಗಳು ಇವೇ. ಇದರಲ್ಲಿ ಯಾವ ಕಂಪನಿಗೂ ಲಾಭ ಇಲ್ಲ. ಹಾಗಾಗಿ ವಿಶ್ವವಿದ್ಯಾಲಯ, ಸರ್ಕಾರಿ ಸಂಸ್ಥೆಗಳೇ ಮುಂದೆ ಬರಬೇಕು. ಆಗ ಇಡೀ ಹೊಣೆ ಅವರದ್ದೇ. ಹೇಗೆ ಮಾಡಬೇಕು ಅನ್ನುವ ಯೋಜನೆ, ಖರ್ಚು, ರೋಗಿಯ ಸುರಕ್ಷತೆ, ಏನಾದರೂ ಹೆಚ್ಚುಕಮ್ಮಿಯಾದರೆ ಚಿಕಿತ್ಸೆ, ಎಲ್ಲಕ್ಕೂ ಅವರು ಉತ್ತರ ಕೊಡಬೇಕು.

ಕೋವಿಡ್ ಕಾಲದಲ್ಲಿ ನಮ್ಮೂರಿನವರಿಗೂ ಸಿಕ್ಕ ಡೆಕ್ಸಾಮೆಥಸೋನ್ ಕಥೆ ಇಂಥದ್ದೇ. ಅದು ಬಹಳ ಹಳೆಯ, ತೀರಾ ಅಗ್ಗದ ಸ್ಟೀರಾಯ್ಡ್. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2020ರ ಮಾರ್ಚ್‌ನಲ್ಲಿ ರಿಕವರಿ ಅನ್ನುವ ಟ್ರಯಲ್ ಶುರು ಮಾಡಿತು. ಜೂನ್ ಹೊತ್ತಿಗೆ ಉತ್ತರ ಬಂತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದು ಭಾಗ ಕಡಿಮೆಯಾಯಿತು, ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದು ಭಾಗ. ಆಕ್ಸಿಜನ್ ಬೇಕಾಗದವರಿಗೆ ಇದರಿಂದ ಉಪಯೋಗವಿಲ್ಲ ಅನ್ನುವುದೂ ಗೊತ್ತಾಯಿತು. ಅದೇ ಟ್ರಯಲ್‌ನಲ್ಲಿ, ಜನ ಹುಡುಕಿ ಹುಡುಕಿ ಕೊಂಡಿಟ್ಟುಕೊಂಡಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಆಸ್ಪತ್ರೆ ಸೇರಿದವರ ಜೀವ ಉಳಿಯುವುದಿಲ್ಲ ಅಂತಲೂ ಗೊತ್ತಾಯಿತು. ಉಪಯೋಗವಿಲ್ಲ ಅನ್ನುವ ಉತ್ತರವೂ ದೊಡ್ಡದೇ.

ಅಷ್ಟು ದೂರ ಯಾಕೆ, ಮದ್ರಾಸನ್ನೇ ನೋಡಿ. ಕ್ಷಯ ಬಂದವರನ್ನು ತಿಂಗಳುಗಟ್ಟಲೆ ಸ್ಯಾನಿಟೋರಿಯಂನಲ್ಲಿ, ಅಂದರೆ ಕ್ಷಯದವರ ಆಸ್ಪತ್ರೆಯಲ್ಲಿ, ಇಡಬೇಕು ಅಂತ ಎಲ್ಲರೂ ನಂಬಿದ್ದ ಕಾಲ ಅದು. 1956ರಲ್ಲಿ ಶುರುವಾದ ಅಲ್ಲಿನ ಕ್ಷಯ ಸಂಶೋಧನಾ ಕೇಂದ್ರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಒಂದು ಟ್ರಯಲ್ ಮಾಡಿದವು. ಅರ್ಧ ಜನರಿಗೆ ಸ್ಯಾನಿಟೋರಿಯಂನಲ್ಲಿ ಒಳ್ಳೆ ಊಟ, ವಿಶ್ರಾಂತಿ, ಔಷಧಿ. ಉಳಿದರ್ಧ ಜನ ತಮ್ಮ ಇಕ್ಕಟ್ಟಾದ ಮನೆಗಳಲ್ಲೇ ಇದ್ದು ಅದೇ ಔಷಧಿ ತೆಗೆದುಕೊಂಡರು. 1959ರಲ್ಲಿ ಫಲಿತಾಂಶ ಹೊರಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಯವರಿಗೆ ರೋಗ ಹರಡುವುದೂ ಅದರಿಂದ ಜಾಸ್ತಿಯಾಗಿರಲಿಲ್ಲ. ಇವತ್ತು ನಮ್ಮ ಲೈನ್ ಮನೆಯಲ್ಲಿ ಟಿಬಿ ಬಂದವರು ಹೆಂಡತಿ ಮಕ್ಕಳ ಜೊತೆ ಇದ್ದುಕೊಂಡೇ ಮಾತ್ರೆ ನುಂಗಿ ವಾಸಿಯಾಗುತ್ತಿದ್ದಾರೆ ಅಂದರೆ ಅದರ ಹಿಂದೆ ಮದ್ರಾಸಿನ ಆ ಬಡ ರೋಗಿಗಳಿದ್ದಾರೆ. ಅವರು ಯಾರಿಗೂ ಇಲಿಯಾಗಿರಲಿಲ್ಲ. ಪ್ರಪಂಚಕ್ಕೇ ಉಪಕಾರ ಮಾಡಿದರು.

ನಮ್ಮ ಕಾನೂನಿನಲ್ಲೂ ಇಂಥ ಟ್ರಯಲ್‌ಗೆ ಬೇರೆಯೇ ಜಾಗ ಇದೆ. ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು 2019ರಲ್ಲಿ ಬಂದವು. ಈಗಾಗಲೇ ಒಪ್ಪಿಗೆ ಸಿಕ್ಕಿರುವ ಔಷಧಿಯನ್ನು ಹೊಸ ಕಾಯಿಲೆಗೋ, ಹೊಸ ಪ್ರಮಾಣದಲ್ಲೋ, ಹೊಸ ರೀತಿಯಲ್ಲೋ ಕೊಟ್ಟು ನೋಡುವುದು, ಅದೂ ಮಾರಾಟದ ಉದ್ದೇಶ ಇಲ್ಲದೆ ಬರೀ ತಿಳಿವಳಿಕೆಗಾಗಿ ನೋಡುವುದಾದರೆ, ಅದಕ್ಕೆ ದೆಹಲಿಯ ಔಷಧ ನಿಯಂತ್ರಕರ ಅನುಮತಿ ಬೇಕಿಲ್ಲ. ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿದರೆ ಸಾಕು. ಅಂದರೆ ರೋಗಿಯ ಪರವಾಗಿ ಕಾಯುವವರು ಆ ಕಮಿಟಿಯವರು ಮಾತ್ರ. ಕಮಿಟಿಯ ಸದಸ್ಯರೇ, ನಿಮ್ಮನ್ನೂ ಈ ಪತ್ರದಲ್ಲಿ ಸೇರಿಸಿರುವುದು ಅದಕ್ಕೇ.

ಸರಿ, ಇಷ್ಟೆಲ್ಲ ಒಳ್ಳೆಯದಾದರೆ ತಕರಾರು ಏನು? ಹೇಳುತ್ತೇನೆ.

ನಮ್ಮ ತೋಟದ ಒಬ್ಬ ಹೆಂಗಸಿಗೆ ಸಕ್ಕರೆ ಕಾಯಿಲೆ. ಪಾದದಲ್ಲಿ ಗಾಯವಾಗಿ ಎಷ್ಟು ದಿನವಾದರೂ ಮಾಯಲಿಲ್ಲ. ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಾವ ಆಸ್ಪತ್ರೆ ಅನ್ನುವುದು ಇಲ್ಲಿ ಬೇಡ. ಅಲ್ಲಿ ಎರಡು ಬಗೆಯ ಡ್ರೆಸಿಂಗ್ ಹೋಲಿಸುವ ಸ್ಟಡಿ ನಡೆಯುತ್ತಿತ್ತು. ಎಂಡಿ, ಎಂಎಸ್ ಓದುವ ಪಿಜಿ ಡಾಕ್ಟರೊಬ್ಬರು ಬಂದು ಸೇರುತ್ತೀರಾ ಅಂತ ಕೇಳಿ, ಕಾಗದಗಳ ಕಟ್ಟೊಂದನ್ನು ಕೈಗಿತ್ತು, ಇನ್ನೊಬ್ಬ ರೋಗಿ ಕರೆದರು ಅಂತ ಹೋದರು. ಕಾಗದ ಕನ್ನಡದಲ್ಲೇ ಇತ್ತು. ಆದರೆ ನಾನು ದಿನಾ ಕಾಗದ ಓದುವವನು, ನನಗೇ ತಲೆಬುಡ ತಿಳಿಯಲಿಲ್ಲ. ಒಂದೊಂದು ವಾಕ್ಯ ಐದಾರು ಸಾಲು. ಕೊನೆ ತಲುಪುವಷ್ಟರಲ್ಲಿ ಶುರು ಮರೆತುಹೋಗುತ್ತದೆ. ಕೊನೆಯ ಪುಟದಲ್ಲಿ ಹೆಬ್ಬೆಟ್ಟಿಗೆ ಒಂದು ಚೌಕ, ಪಕ್ಕದಲ್ಲಿ ಸಾಕ್ಷಿಯ ಸಹಿಗೆ ಒಂದು ಗೆರೆ. ಸಾಕ್ಷಿ ಅಂದರೆ ನಾನು. ಇಂಕ್ ಪ್ಯಾಡ್ ಆಗಲೇ ಮುಚ್ಚಳ ತೆಗೆದು ಇಟ್ಟಿದ್ದರು.

ಆಕೆ ನನ್ನ ಕಿವಿಯ ಹತ್ತಿರ ಬಗ್ಗಿ, "ರೈಟ್ರೇ, ಇದಕ್ಕೆ ಒತ್ತದೇ ಹೋದ್ರೆ ನಂಗೆ ಔಷಧಿ ಕೊಡಲ್ವಂತಾ?" ಅಂತ ಕೇಳಿದಳು.

ಸಹಿ ಬೇಗ ಹಾಕಿ ಅಂತ ಒಬ್ಬರು ಅವಸರ ಮಾಡಿದರು. ನಾನು ಡಾಕ್ಟರು ಬರಲಿ ಅಂತ ಕೂತೆ. ಓಪಿಡಿ ಮುಗಿದ ಮೇಲೆ ಆ ಡಾಕ್ಟರು ಬಂದರು, ಚಿಕ್ಕ ಹುಡುಗಿ, ಬೆಳಿಗ್ಗೆಯಿಂದ ನಿಂತೇ ಇದ್ದವಳು. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಆಕೆಯ ಎದುರಿಗೇ ಕೂತರು. ಎರಡು ಡ್ರೆಸಿಂಗ್‌ಗಳನ್ನೂ ತಂದು ಆಕೆಯ ಕೈಗೇ ಕೊಟ್ಟರು. "ಅಮ್ಮಾ, ಇದು ನಾವು ಯಾವಾಗಲೂ ಹಾಕುವುದು. ಇದು ಇನ್ನೊಂದು. ಎರಡರಲ್ಲೂ ಗಾಯ ಮಾಯುತ್ತೆ. ಯಾವುದರಲ್ಲಿ ಬೇಗ ಮಾಯುತ್ತೆ ಅಂತ ನಮಗೆ ಗೊತ್ತಿಲ್ಲ. ಅದನ್ನ ನೋಡೋದಕ್ಕೆ ಇದು. ನಿಮಗೆ ಯಾವುದು ಬರುತ್ತೆ ಅಂತ ನಾನು ಹೇಳೋಕಾಗಲ್ಲ, ಕಂಪ್ಯೂಟರ್ ಹೇಳುತ್ತೆ. ಬೇಡ ಅಂದ್ರೆ ಬೇಡ, ಮಾಮೂಲಿ ಡ್ರೆಸಿಂಗ್ ಹಾಕಿ ಕಳಿಸ್ತೀನಿ. ಮಧ್ಯದಲ್ಲಿ ಸಾಕು ಅನ್ನಿಸಿದ್ರೂ ಬಿಡಬಹುದು." ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಆಕೆ ಎರಡು ಪ್ರಶ್ನೆ ಕೇಳಿದಳು. ನೋವು ಯಾವುದರಲ್ಲಿ ಜಾಸ್ತಿ, ಬಸ್ ಚಾರ್ಜು ಯಾರು ಕೊಡ್ತಾರೆ ಅಂತ. ಎರಡಕ್ಕೂ ಉತ್ತರ ಸಿಕ್ಕಿತು. ಆಕೆ ಖುಷಿಯಿಂದ ಒಪ್ಪಿದಳು. ನಾನೂ ಆಮೇಲೆ ಸಾಕ್ಷಿ ಹಾಕಿದೆ.

ಆ ಹುಡುಗಿ ಬಾಯಲ್ಲಿ ಹೇಳಿದ ಎಂಟು ಹತ್ತು ಮಾತುಗಳೇ ಆ ಕಾಗದದ ಮೊದಲ ಪುಟದಲ್ಲಿ ಇರಬೇಕಾಗಿತ್ತು. ಅದನ್ನು ಬರೆಯುವುದಕ್ಕೆ ಆಕೆಗೆ ಚೆನ್ನಾಗಿಯೇ ಬರುತ್ತದೆ. ಹಾಗೆ ಬರೆದರೆ ಸಾಕು ಅಂತ ಆಕೆಗೆ ಯಾರೂ ಹೇಳಿಲ್ಲ, ಅಷ್ಟೇ.

ಓದಲು ಬಾರದವರ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ವಿವರಿಸುವ ಹೊತ್ತಿನಲ್ಲಿ, ಶುರುವಿನಿಂದ ಕೊನೆಯವರೆಗೆ, ಆ ಟ್ರಯಲ್ ನಡೆಸುವವರಿಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿ ಇರಬೇಕು. ಕಾಗದದ ಒಂದು ಪ್ರತಿ ರೋಗಿಯ ಕೈಗೆ ಹೋಗಬೇಕು. ಇದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸ ಅಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಬಡ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಕೊಟ್ಟು ಒಂದು ಅಧ್ಯಯನ ನಡೆಯಿತು. ಹಾಸ್ಟೆಲ್ ಹುಡುಗಿಯರ ಅಪ್ಪ ಅಮ್ಮನ ಬದಲು ಎಷ್ಟೋ ಕಡೆ ವಾರ್ಡನ್‌ಗಳೇ ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡಾಗ ದೇಶದಲ್ಲೇ ಗದ್ದಲವಾಗಿ 2010ರಲ್ಲಿ ಅದು ನಿಂತಿತು. ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತ ತನಿಖೆಯವರು ಹೇಳಿದರು. ಲಸಿಕೆ ಒಳ್ಳೆಯದೇ, ಬೇರೆ ದೇಶಗಳಲ್ಲಿ ಕೋಟ್ಯಂತರ ಹುಡುಗಿಯರು ತೆಗೆದುಕೊಂಡಿದ್ದಾರೆ. ಆದರೆ ಒಪ್ಪಿಗೆ ಪಡೆಯುವಲ್ಲಿ ಮಾಡಿದ ತಪ್ಪಿನಿಂದ ಜನ ಆ ಲಸಿಕೆಯನ್ನೇ ಅನುಮಾನದಿಂದ ನೋಡುವ ಹಾಗಾಯಿತು. ಹೆಬ್ಬೆಟ್ಟನ್ನು ಅವಸರದಲ್ಲಿ ಒತ್ತಿಸಿಕೊಂಡರೆ ಕೆಡುವುದು ಆ ಒಂದು ಸ್ಟಡಿ ಮಾತ್ರ ಅಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಆ ಹೆಂಗಸಿನ ಗಾಯ ಮಾಯಿತು. ಈಗ ಹಣ್ಣು ಕೊಯ್ಯುವುದಕ್ಕೆ ಬರುತ್ತಾಳೆ. ಒಂದು ದಿನ ಬಟವಾಡೆ ತೆಗೆದುಕೊಳ್ಳುವಾಗ ಕೇಳಿದಳು: "ರೈಟ್ರೇ, ಆ ಎರಡು ಪಟ್ಟಿಲಿ ಯಾವ್ದು ವಾಸಿ ಅಂತ ಗೊತ್ತಾಯ್ತಾ ಅವರಿಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಡಾಕ್ಟರು ಕೋರ್ಸ್ ಮುಗಿಸಿ ಹೋಗಿದ್ದಾರೆ, ನಮಗೆ ಗೊತ್ತಿಲ್ಲ ಅಂದರು. ಪದವಿಗಾಗಿ ಬರೆಯುವ ಪ್ರಬಂಧ, ಅಂದರೆ ಥೀಸಿಸ್, ಒಪ್ಪಿಸಿಯಾಗಿದೆಯಂತೆ. ಅಂದರೆ ಉತ್ತರ ಇದೆ. ಇಂಗ್ಲಿಷಿನಲ್ಲಿ ಬರೆದು, ಬೈಂಡ್ ಮಾಡಿಸಿ, ಲೈಬ್ರರಿಯಲ್ಲಿ ಇಟ್ಟಿದ್ದಾರೆ. ಕಾಲು ಕೊಟ್ಟು ಆ ಉತ್ತರ ಹುಟ್ಟಿಸಿದವಳಿಗೆ ಮಾತ್ರ ಅದು ಸಿಕ್ಕಿಲ್ಲ. ಸಕ್ಕರೆ ಕಾಯಿಲೆಯವರ ಪಾದ, ನಾಳೆ ಇನ್ನೊಂದು ಗಾಯ ಆಗಬಹುದು. ಯಾವ ಪಟ್ಟಿ ಹಾಕಿಸಿಕೊಂಡರೆ ಬೇಗ ಮಾಯುತ್ತದೆ ಅಂತ ಎಲ್ಲರಿಗಿಂತ ಮೊದಲು ತಿಳಿಯಬೇಕಾದವಳು ಅವಳು ಅಲ್ವಾ?

ಇದು ನಾನು ಹೊಸದಾಗಿ ಕೇಳುತ್ತಿರುವ ಹಕ್ಕಲ್ಲ. ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಹೆಲ್ಸಿಂಕಿಯಲ್ಲಿ ಒಪ್ಪಿದ ಘೋಷಣೆಯನ್ನು ಆಮೇಲೆ ಹಲವು ಸಲ ತಿದ್ದಿ ಬೆಳೆಸಿದೆ. ಸಂಶೋಧನೆಯಲ್ಲಿ ಸೇರಿದವರಿಗೆ ಅದರ ಫಲಿತಾಂಶ ತಿಳಿಯುವ ಅವಕಾಶ ಇರಬೇಕು ಅಂತ ಅದರಲ್ಲಿ ಬರೆದಿದೆ. ಯುರೋಪಿನ ದೇಶಗಳಲ್ಲಿ 2022ರಿಂದ ಹೊಸ ನಿಯಮ ಜಾರಿಗೆ ಬಂದಿದೆ. ಅಲ್ಲಿ ಔಷಧಿಯ ಟ್ರಯಲ್ ಮುಗಿದ ಮೇಲೆ ಸಾಮಾನ್ಯ ಜನರಿಗೆ ತಿಳಿಯುವ ಭಾಷೆಯಲ್ಲಿ ಸಾರಾಂಶ ಕೊಡಲೇಬೇಕು, ಮಾಡಿದ್ದು ಕಂಪನಿಯಾದರೂ ಸರಿ, ವಿಶ್ವವಿದ್ಯಾಲಯವಾದರೂ ಸರಿ. ನಮ್ಮಲ್ಲಿ ಟ್ರಯಲ್‌ಗಳನ್ನು ನೋಂದಾಯಿಸುವ ಸಿಟಿಆರ್‌ಐ ಅನ್ನುವ ಸರ್ಕಾರಿ ವೆಬ್‌ಸೈಟ್ 2007ರಿಂದ ಇದೆ. ಯಾರು ಬೇಕಾದರೂ ತೆರೆದು ನೋಡಬಹುದು. ಒಳ್ಳೆಯ ವ್ಯವಸ್ಥೆ. ಆದರೆ ಅದು ಇರುವುದು ಇಂಗ್ಲಿಷಿನಲ್ಲಿ.

ಒಂದು ಪುಟ ಅಂದರೆ ಹೇಗಿರಬೇಕು ಅಂತ ನೀವು ಕೇಳಬಹುದು. ನಾನೇ ಒಂದು ಬರೆದು ತೋರಿಸುತ್ತೇನೆ. ನಮ್ಮ ರಾಜ್ಯದ್ದೇ ಒಂದು ಹೆಸರಾದ ಟ್ರಯಲ್ ಇದೆ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. 2006ರಲ್ಲಿ ಅದರ ಫಲಿತಾಂಶ ಬಂತು. ಅದರಲ್ಲಿ ಸೇರಿದ್ದ ತಾಯಂದಿರಿಗೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಅಮ್ಮಾ, ನಿಮ್ಮ ಹೆರಿಗೆಯ ಹೊತ್ತಿನಲ್ಲಿ ನೀವು ನಮ್ಮ ಅಧ್ಯಯನಕ್ಕೆ ಸೇರಿದ್ದಿರಿ. ಹೆರಿಗೆ ಆದ ಮೇಲೆ ಕೆಲವರಿಗೆ ರಕ್ತ ಜಾಸ್ತಿ ಹೋಗುತ್ತದೆ. ಅದರಿಂದ ಜೀವಕ್ಕೇ ಅಪಾಯ ಆಗಬಹುದು. ಇದನ್ನು ತಡೆಯುವ ಇಂಜೆಕ್ಷನ್ ಇದೆ. ಆದರೆ ಅದನ್ನು ತಂಪಾಗಿ ಇಡಬೇಕು, ಕೊಡಲು ಕಲಿತವರು ಬೇಕು. ಹಳ್ಳಿಯಲ್ಲಿ ಎಲ್ಲ ಕಡೆ ಅದು ಆಗುವುದಿಲ್ಲ. ಮಿಸೊಪ್ರೊಸ್ಟಾಲ್ ಅನ್ನುವ ಮಾತ್ರೆಯನ್ನು ಮೊದಲು ಹೊಟ್ಟೆ ಹುಣ್ಣಿಗೆ ಕೊಡುತ್ತಿದ್ದರು. ಅದನ್ನು ಬಾಯಲ್ಲಿ ನುಂಗಿದರೆ ರಕ್ತ ಹೋಗುವುದು ಕಡಿಮೆ ಆಗುತ್ತದಾ ಅಂತ ನಾವು ನೋಡಿದೆವು. ನಿಮ್ಮನ್ನೂ ಸೇರಿಸಿ 1620 ತಾಯಂದಿರು ಒಪ್ಪಿದರು. ಅರ್ಧ ಜನರಿಗೆ ನಿಜವಾದ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧಿ ಇಲ್ಲದ ಮಾತ್ರೆ ಕೊಟ್ಟೆವು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲಿಲ್ಲ, ಕೊಟ್ಟ ನರ್ಸಮ್ಮನಿಗೂ ಗೊತ್ತಿರಲಿಲ್ಲ. ರಕ್ತ ಎಷ್ಟು ಹೋಯಿತು ಅಂತ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿದು ನೋಡಿದೆವು. ಔಷಧಿ ಇಲ್ಲದ ಮಾತ್ರೆ ತೆಗೆದುಕೊಂಡ 100 ಜನರಲ್ಲಿ 12 ಜನಕ್ಕೆ ಅರ್ಧ ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋಯಿತು. ನಿಜವಾದ ಮಾತ್ರೆ ತೆಗೆದುಕೊಂಡವರಲ್ಲಿ ಅದು ಸುಮಾರು 6 ಜನಕ್ಕೆ ಮಾತ್ರ. ಮಾತ್ರೆ ತೆಗೆದುಕೊಂಡ ಕೆಲವರಿಗೆ ಚಳಿ, ಜ್ವರ ಬಂದು ಸ್ವಲ್ಪ ಹೊತ್ತಿನಲ್ಲಿ ಹೋಯಿತು. ಇಂಜೆಕ್ಷನ್ ಸಿಗದ ಕಡೆ ಈ ಮಾತ್ರೆಯಿಂದ ಉಪಯೋಗ ಇದೆ ಅಂತ ನಿಮ್ಮಿಂದ ಗೊತ್ತಾಯಿತು."

ಇಷ್ಟೇ. ಮುಂದೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಈ ಮಾತ್ರೆಯನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ಕನ್ನಡದ ಹೆಣ್ಣುಮಕ್ಕಳು ಎಲ್ಲೆಲ್ಲಿಯದೋ ತಾಯಂದಿರ ಜೀವ ಉಳಿಸುವುದಕ್ಕೆ ಕೈ ಸೇರಿಸಿದ್ದಾರೆ. ನಾನು ಇದನ್ನು ನಮ್ಮ ಲೈನ್ ಮನೆಯ ಅಂಗಳದಲ್ಲಿ ಓದಿ ಹೇಳಿದಾಗ ಯಾರೂ ಇಲಿ ಅನ್ನಲಿಲ್ಲ. "ಆ ಔಷಧಿ ಇಲ್ಲದ ಮಾತ್ರೆ ತಗೊಂಡೋರಿಗೆ ರಕ್ತ ಜಾಸ್ತಿ ಹೋದಾಗ ಏನ್ಮಾಡಿದ್ರು?" ಅಂತ ಒಬ್ಬಳು ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಎಥಿಕ್ಸ್ ಕಮಿಟಿ ಕೇಳಬೇಕಾದ ಪ್ರಶ್ನೆ ಅದೇ.

ಕುಲಪತಿಗಳೇ, ಇದಕ್ಕೆ ದೊಡ್ಡ ಖರ್ಚಿಲ್ಲ. ಥೀಸಿಸ್ ಇಲ್ಲದೆ ಎಂಡಿ, ಎಂಎಸ್ ಪದವಿ ಇಲ್ಲ. ಅದನ್ನು ಒಪ್ಪಿಸಿಕೊಳ್ಳುವವರು ನೀವು. ರೋಗಿಗಳನ್ನು ಸೇರಿಸಿಕೊಂಡು ಮಾಡಿದ ಥೀಸಿಸ್ ಆದರೆ ಕನ್ನಡದ ಆ ಒಂದು ಪುಟ ಜೊತೆಗಿಲ್ಲದೆ ಒಪ್ಪಿಸಿಕೊಳ್ಳಬೇಡಿ. ಅಷ್ಟು ಮಾಡಿದರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ. ಪಿಜಿ ಓದಲು ಬರುವವರಲ್ಲಿ ಕನ್ನಡ ಬಾರದವರೂ ಇರುತ್ತಾರೆ, ಒಪ್ಪುತ್ತೇನೆ. ಅವರ ಜೊತೆ ಕೆಲಸ ಮಾಡುವ ನರ್ಸ್‌ಗಳು, ಸ್ನೇಹಿತರು ಕೂತು ಬರೆದುಕೊಟ್ಟರಾಯಿತು. ರೋಗಿಗೆ ತಲುಪಿಸುವುದಕ್ಕೆ ಫೋನ್ ಇದೆ, ವಾಟ್ಸಾಪ್ ಇದೆ, ಆಶಾ ಕಾರ್ಯಕರ್ತೆಯರಿದ್ದಾರೆ. ಓಪಿಡಿ ಗೋಡೆಗೆ ಒಂದು ಅಂಟಿಸಿದರೆ ಸೇರದವರೂ ಓದಿಕೊಳ್ಳುತ್ತಾರೆ.

ಎಲ್ಲ ಥೀಸಿಸ್ಸೂ ಟ್ರಯಲ್ ಅಲ್ಲ ಅಂತ ನನಗೆ ಗೊತ್ತು. ಎಷ್ಟೋ ಸ್ಟಡಿಗಳಲ್ಲಿ ಚಿಕಿತ್ಸೆ ಬದಲಾಗುವುದೇ ಇಲ್ಲ. ಫೈಲು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಹೆಚ್ಚೆಂದರೆ ಸ್ವಲ್ಪ ರಕ್ತ ಜಾಸ್ತಿ ತೆಗೆಯುತ್ತಾರೆ. ಯಾರಿಗೆ ಯಾವ ಚಿಕಿತ್ಸೆ ಅನ್ನುವುದನ್ನು ಸ್ಟಡಿಯೇ ತೀರ್ಮಾನಿಸಿದರೆ ಮಾತ್ರ ಅದು ಟ್ರಯಲ್. ಈ ವ್ಯತ್ಯಾಸವನ್ನೂ ಕಾಗದದ ಮೊದಲ ಸಾಲಿನಲ್ಲೇ ಬರೆಸಿ. "ಇದರಿಂದ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ" ಅಥವಾ "ಇದರಿಂದ ನಿಮ್ಮ ಚಿಕಿತ್ಸೆ ಬದಲಾಗಬಹುದು". ಅರ್ಧ ಭಯ ಅಲ್ಲೇ ಹೋಗುತ್ತದೆ.

ಎಥಿಕ್ಸ್ ಕಮಿಟಿಯವರಿಗೆ ಒಂದೆರಡು ಮಾತು. ನಿಯಮದ ಪ್ರಕಾರ ನಿಮ್ಮ ಅಧ್ಯಕ್ಷರು ಹೊರಗಿನವರಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಜನ ಸಂಸ್ಥೆಗೆ ಸೇರದವರಾಗಿರಬೇಕು, ಡಾಕ್ಟರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು. ಆ ಒಬ್ಬರು ನಮ್ಮಂಥವರ ನಡುವೆ ಇರುವವರಾಗಲಿ. ಅಂಗನವಾಡಿ ಟೀಚರು, ಸಂಘದ ಹೆಂಗಸರು, ಒಬ್ಬ ಪೋಸ್ಟ್‌ಮ್ಯಾನ್, ಯಾರಾದರೂ ಆಗಬಹುದು. ರೋಗಿಗೆ ಕೊಡುವ ಕಾಗದವನ್ನು ಅವರ ಮುಂದೆ ಗಟ್ಟಿಯಾಗಿ ಓದಿಸಿ. ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಹೇಳಲಾಗದಿದ್ದರೆ ಕಾಗದ ವಾಪಸ್ ಕಳಿಸಿ.

ಇನ್ನೊಂದು, ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು. ಕಂಪನಿ ಟ್ರಯಲ್‌ನಲ್ಲಿ ಪರಿಹಾರದ ಲೆಕ್ಕಕ್ಕೆ 2019ರ ನಿಯಮಗಳಲ್ಲಿ ಸೂತ್ರವೇ ಇದೆ. ಕಾಲೇಜಿನ ಸ್ಟಡಿಯಲ್ಲಿ, ಸಂಶೋಧಕರು ಮತ್ತು ಸಂಸ್ಥೆಯೇ ಹೊಣೆ ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಇದನ್ನು ಕಾಗದದ ಒಳಗೆಲ್ಲೋ ಹುದುಗಿಸಬೇಡಿ. "ಈ ಚಿಕಿತ್ಸೆಯಿಂದ ನಿಮಗೆ ತೊಂದರೆಯಾದರೆ ಇಲ್ಲೇ ಉಚಿತವಾಗಿ ನೋಡುತ್ತೇವೆ, ಪರಿಹಾರದ ಹೊಣೆ ಈ ಸಂಸ್ಥೆಯದ್ದು, ಫೋನ್ ಮಾಡಬೇಕಾದ ನಂಬರ್ ಇದು" ಅಂತ ದೊಡ್ಡ ಅಕ್ಷರದಲ್ಲಿ ಬರೆಸಿ. ಆ ನಂಬರ್ ಪಿಜಿ ಡಾಕ್ಟರದ್ದಲ್ಲ, ವಿಭಾಗದ್ದಾಗಿರಲಿ. ಡಾಕ್ಟರು ಓದು ಮುಗಿಸಿ ಹೋಗುತ್ತಾರೆ, ವಿಭಾಗ ಎಲ್ಲಿಗೂ ಹೋಗುವುದಿಲ್ಲ.

ಇದನ್ನೆಲ್ಲ ಈಗಲೇ ಕೇಳುವುದಕ್ಕೆ ಇನ್ನೂ ಒಂದು ಕಾರಣ ಇದೆ. ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡದ್ದು ಈಗ ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯೂ ಬಂದು ಕೂತಿದೆ. ಚಳಿಗಾಲ ಬಂತೆಂದರೆ ಅದನ್ನು ಹರಡುವ ಉಣುಗಿನ ಭಯ. ಕಾಡಿಗೆ, ತೋಟಕ್ಕೆ ಹೋಗುವವರು ಉಣುಗು ಕಚ್ಚದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಹಳೆಯ ಲಸಿಕೆಯನ್ನು ವರ್ಷಗಟ್ಟಲೆ ಕೊಟ್ಟರು. ಎರಡು ಡೋಸ್ ತೆಗೆದುಕೊಂಡವರಲ್ಲಿ ಅದು ಸುಮಾರು 62 ಪರ್ಸೆಂಟ್ ಮಾತ್ರ ಕೆಲಸ ಮಾಡಿತು ಅಂತ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಕೊನೆಗೆ ಅದನ್ನು ಕೊಡುವುದನ್ನೇ ನಿಲ್ಲಿಸಿದರು. ಯಾಕೆ ನಿಲ್ಲಿಸಿದರು ಅಂತ ಮೈಗೆ ಚುಚ್ಚಿಸಿಕೊಂಡ ಜನಕ್ಕೆ ಯಾರಾದರೂ ಕೂರಿಸಿ ಹೇಳಿದರಾ? ನಮ್ಮ ಕಡೆ ಇವತ್ತಿಗೂ "ಆ ಇಂಜೆಕ್ಷನ್ ಸುಮ್ನೆ ನೀರು" ಅನ್ನುವವರಿದ್ದಾರೆ. ಈಗ ಹೊಸ ಲಸಿಕೆ ತಯಾರಿಸುವ ಕೆಲಸ ಐಸಿಎಂಆರ್ ಮುಂದಾಳತ್ವದಲ್ಲಿ ನಡೆದಿದೆ. ಅದು ನಿಜವಾಗಿ ಕೆಲಸ ಮಾಡುತ್ತದಾ ಅಂತ ನೋಡಬೇಕಾದರೆ ಕಾಯಿಲೆ ಇರುವ ಕಡೆಯೇ ನೋಡಬೇಕು. ಆಗ ಮಲೆನಾಡಿನ ಜನರೇ ತೋಳು ಮುಂದೆ ಮಾಡಬೇಕಾಗುತ್ತದೆ. ಡ್ರೆಸಿಂಗ್ ಸ್ಟಡಿಯ ಫಲಿತಾಂಶವನ್ನೇ ಹೇಳದವರ ಮಾತನ್ನು ಅವತ್ತು ಲಸಿಕೆಯ ವಿಷಯದಲ್ಲಿ ಯಾರು ನಂಬುತ್ತಾರೆ?

ಹಾಸನದಲ್ಲಿ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಚಿಕ್ಕಮಗಳೂರಿಗೂ ಈಗ ಬಂದಿದೆ. ನಮಗೆ ಇದರಿಂದ ಸಂತೋಷವಾಗಿದೆ. ಮುಂಚೆ ಮಂಗಳೂರು, ಮಣಿಪಾಲ ಅಂತ ಓಡುತ್ತಿದ್ದವರು ಈಗ ಜಿಲ್ಲೆಯಲ್ಲೇ ತೋರಿಸಿಕೊಳ್ಳುತ್ತಿದ್ದಾರೆ. ಕಾಲೇಜು ಬಂದ ಮೇಲೆ ಸಂಶೋಧನೆಯೂ ಬರಬೇಕು, ಬರಲಿ. ಸಕ್ಕರೆ ಕಾಯಿಲೆಯ ಪಾದ, ಹೆಂಗಸರ ರಕ್ತಹೀನತೆ, ಹಾವು ಕಡಿತ, ಕಳೆನಾಶಕ ಕುಡಿದವರನ್ನು ಉಳಿಸುವುದು, ಮಂಗನ ಕಾಯಿಲೆ, ನಮ್ಮ ಕಡೆಯ ಪ್ರಶ್ನೆಗಳು ಬೇಕಾದಷ್ಟಿವೆ. ಇವಕ್ಕೆ ಕಂಪನಿಗಳು ಬರುವುದಿಲ್ಲ. ನೀವೇ ಮಾಡಬೇಕು. ನಾವು ಸೇರುತ್ತೇವೆ.

ನನ್ನ ಕಡೆಯಿಂದ ಒಂದು ಕೆಲಸ ಮಾಡಿಕೊಡಬಲ್ಲೆ. ನಿಮ್ಮ ಕಾಲೇಜುಗಳಲ್ಲಿ ರೋಗಿಗೆ ಕೊಡುವ ಕಾಗದವಾಗಲಿ, ಫಲಿತಾಂಶದ ಪುಟವಾಗಲಿ, ಕರಡು ಇರುವಾಗಲೇ ನಮ್ಮ ತೋಟಕ್ಕೆ ಕಳಿಸಿ. ರಜೆಯ ದಿನ ಲೈನ್ ಮನೆಯ ಹತ್ತಿರ ಜನರನ್ನು ಸೇರಿಸಿ ಓದಿ ಹೇಳುತ್ತೇನೆ. ಅವರಿಗೆ ಎಲ್ಲಿ ಅರ್ಥವಾಗಲಿಲ್ಲ, ಏನು ಪ್ರಶ್ನೆ ಕೇಳಿದರು ಅಂತ ಆ ಕಾಗದದ ಅಂಚಿನಲ್ಲೇ ಬರೆದು ವಾಪಸ್ ಕಳಿಸುತ್ತೇನೆ. ಅಕ್ಕಪಕ್ಕದ ತೋಟಗಳ ರೈಟರ್‌ಗಳನ್ನೂ ಕೇಳಿದ್ದೇನೆ, ಅವರೂ ಒಪ್ಪಿದ್ದಾರೆ. ಮೊದಲು ಆ ಡ್ರೆಸಿಂಗ್ ಸ್ಟಡಿಯಂಥವುಗಳಿಂದಲೇ ಶುರು ಮಾಡೋಣ.

ಇಂತಿ ನಿಮ್ಮ ವಿಶ್ವಾಸಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ತೋಟದ ರೈಟರ್